ಹೆಗಲಿನ ಕೆಂಪು

ಬುಟ್ಟಿಯ ಮೇಲೆ ಕೊತ್ತಂಬರಿ ಸೊಪ್ಪು ಇತ್ತು. ಅದನ್ನು ಸರಿಸಿದರೆ ಗೋಣಿತಾಟು, ಗೋಣಿತಾಟು ಸರಿಸಿದರೆ ಗಿಳಿಮರಿಗಳು. ಇಗತಪುರಿ ಸ್ಟೇಷನ್ನಿನಲ್ಲಿ ರೈಲಿನ ಸೀಟಿನ ಕೆಳಗೆ ಸಿಕ್ಕ ಬುಟ್ಟಿ ಅದು. ನನ್ನದು ಎಂದು ಯಾರೂ ಮುಂದೆ ಬರಲಿಲ್ಲವಂತೆ. ಅರಣ್ಯ ಇಲಾಖೆಯವರು ಅದನ್ನು ನಾಸಿಕದ ಆರೈಕೆ ಕೇಂದ್ರಕ್ಕೆ ತಂದಿಡುವ ಹೊತ್ತಿಗೆ ಅರ್ಧ ಮರಿಗಳು ತಣ್ಣಗಾಗಿದ್ದವು. ಶಿವರಾತ್ರಿ ಆಗಷ್ಟೇ ಮುಗಿದಿತ್ತು. ಮರದ ಪೊಟರೆಗೆ ಕೈ ಹಾಕಿ ಮರಿ ಕದಿಯುವವರಿಗೆ ಅದೇ ಸುಗ್ಗಿ.

ನಾನು ಮನೆ ನೋಡಿಕೊಂಡಿರುವ ಹೆಂಗಸು. ವಾರಕ್ಕೆರಡು ಸಲ ಆ ಕೇಂದ್ರಕ್ಕೆ ಹೋಗಿ ಪಂಜರ ತೊಳೆದು, ಹಣ್ಣು ಹೆಚ್ಚಿಟ್ಟು ಬರುತ್ತಿದ್ದೆ, ಅಷ್ಟೇ. ಅವತ್ತು ಅಲ್ಲಿ ಕೈ ಸಾಲಲಿಲ್ಲ. ಪಕ್ಷಿ ಡಾಕ್ಟರು ಎರಡು ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿಟ್ಟು ನನ್ನ ಮುಂದೆ ಹಿಡಿದರು. ಅವರು ಉಡುಪಿ ಕಡೆಯ ಹುಡುಗಿ, ಅಪ್ಪನ ಹೋಟೆಲು ನಾಸಿಕದಲ್ಲೇ ಇದೆ. ನನ್ನ ಬೀದರಿನ ಮಾತು ಕೇಳಿದರೆ ಅವರಿಗೆ ನಗು, ಅವರ ಮಾತು ಕೇಳಿದರೆ ನನಗೆ ನಗು. ಅವತ್ತು ಮಾತ್ರ ಇಬ್ಬರೂ ನಗಲಿಲ್ಲ.

"ಇವೆರಡನ್ನು ನೀವು ಮನೆಗೆ ಕೊಂಡೋಗ್ಬೇಕು ಮಾರಾಯ್ರೆ. ಇಲಾಖೆಯ ಒಪ್ಪಿಗೆ ನಾನು ತೆಗೆಸಿದ್ದೇನೆ. ಎರಡು ಗಂಟೆಗೊಮ್ಮೆ ತಿನ್ನಿಸ್ಲಿಕ್ಕುಂಟು. ಹೆಸರಿಡ್ಬೇಡಿ, ಮಾತಾಡಿಸ್ಬೇಡಿ, ಮುದ್ದು ಮಾಡ್ಬೇಡಿ."

"ಮತ್ತ ಏನ್ ಮಾಡ್ಲಿರಿ?"

"ಬದುಕಿಸಿ, ಅಷ್ಟೇ."

ಹೊರಡುವ ಮೊದಲು ಅವರು ದೊಡ್ಡ ಮರಿಯನ್ನು ಎತ್ತಿ ನನಗೆ ತೋರಿಸಿದರು. ಮೈಮೇಲೆ ಪುಕ್ಕವಿನ್ನೂ ಬಂದಿರಲಿಲ್ಲ, ಬೂದು ಬಣ್ಣದ ಮುಳ್ಳು ಮುಳ್ಳಾಗಿ ಹೊರಡುತ್ತಿತ್ತು. ತಲೆ ಮಾತ್ರ ಮೈಗಿಂತ ಭಾರ. ಕೊಕ್ಕು ಅಡಕತ್ತರಿಯಷ್ಟು ದಪ್ಪ.

"ಇದು ನಮ್ಮ ಪೇಟೆಯ ಗಿಳಿ ಅಲ್ಲ. ಇಲ್ಲಿಯವರು ಪಹಾಡಿ ಪೋಪಟ ಅಂತಾರಲ್ಲ, ಆ ದೊಡ್ಡ ಕಾಡುಗಿಳಿ. ಹಳೇ ಮರದ ದೊಡ್ಡ ಪೊಟರೆ ಬೇಕು ಇದಕ್ಕೆ. ಮರ ಹೋಯ್ತು, ಇದೂ ಹೋಗ್ತಾ ಉಂಟು. ಕೊರಳಿನ ಉಂಗುರ ನೋಡಿ ಗುರ್ತು ಹಿಡೀಲಿಕ್ಕೆ ಹೋಗ್ಬೇಡಿ. ಉಂಗುರ ಗಂಡಿಗೆ ಮಾತ್ರ, ಅದೂ ಎರಡ್ಮೂರು ವರ್ಷ ಕಳೆದ ಮೇಲೆ. ಗುರ್ತು ಹೆಗಲಿನಲ್ಲಿ. ರೆಕ್ಕೆ ಮೈಗೆ ಸೇರುವಲ್ಲಿ ಕೆಂಪು ಪಟ್ಟಿ ಬರ್ತದೆ. ಪೇಟೆ ಗಿಳಿಗೆ ಅದು ಬರುವುದೇ ಇಲ್ಲ."

"ಮತ್ತ ಈ ಸಣ್ಣದು?"

ಡಾಕ್ಟರು ಸಣ್ಣದನ್ನು ಎತ್ತಿ, ಕೊಕ್ಕು ನೋಡಿ, ಕಾಲು ನೋಡಿ, ಮತ್ತೆ ಇಟ್ಟರು. "ಹೇಳ್ಲಿಕ್ಕಾಗುದಿಲ್ಲ. ಅದೇ ಗೂಡಿನ ಕೊನೇ ಮರಿ ಇರ್ಬಹುದು, ಉಪವಾಸ ಬಿದ್ದು ಸಣ್ಣಗಾಗಿರ್ಬಹುದು. ಪೇಟೆಯದ್ದೇ ಇರ್ಲೂಬಹುದು. ಹೆಗಲು ಹೇಳ್ಬೇಕು. ಆದ್ರೆ ಬೇರೆ ಮಾಡಿದ್ರೆ ಕೂಗ್ತಾವೆ, ಒಟ್ಟಿಗೇ ಇರ್ಲಿ."

ಹಾಗೆ ಅವೆರಡೂ ದೇವಳಾಲಿ ಕ್ಯಾಂಪಿನ ನಮ್ಮ ಮನೆಗೆ ಬಂದವು.

ಅತ್ತೆ ಡಬ್ಬಿಯೊಳಗೆ ಇಣುಕಿ ನೋಡಿದರು. "ಏನವಾ ಇದು? ಗಿಳಿ ಅಂತಿ, ಹಸರೇ ಇಲ್ಲ! ಕೊಯ್ದ ಕೋಳಿ ಕಂಡಂಗ ಕಾಣ್ತಾವು."

"ಹಂಗನಬ್ಯಾಡ್ರಿ ಅತ್ತಿ. ಕಾಡಿನವು."

"ಕಾಡಿನವಾದ್ರ ಇಲ್ಯಾಕ ಬಂದಾವು? ಶಿವನೇ, ಯಾವ ತಾಯಿ ಹೊಟ್ಟಿ ಉರದೈತೋ."

ಅಡುಗೆಮನೆಯ ಒಲೆಯ ಪಕ್ಕ, ಗಾಳಿ ತಾಗದ ಮೂಲೆಯಲ್ಲಿ ಡಬ್ಬಿ ಇಟ್ಟೆ. ಕೆಳಗೆ ಬಿಸಿನೀರಿನ ರಬ್ಬರ್ ಚೀಲ, ಅದರ ಮೇಲೆ ಹಳೆಯ ಧೋತರದ ಮಡಿಕೆ. ಮರಿಗಳ ತಿನಿಸಿಗೆ ಬೇಯಿಸಿದ ತತ್ತಿಯನ್ನೂ ಸ್ವಲ್ಪ ಹಿಸುಕಿ ಹಾಕಬಹುದು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಕೇಳಿಸಿಕೊಂಡವರೇ, "ಲಿಂಗಪೂಜಿ ಮಾಡೋ ಮನಿ ಇದು. ತತ್ತಿ ಒಳಗ ಬಂದ್ರ ನಾ ಹೊರಗ," ಎಂದರು. ಫೋನಿನಲ್ಲಿ ಡಾಕ್ಟರು ನಕ್ಕರು: "ಆಯ್ತು, ಅತ್ತೆ ಒಳಗಿರ್ಲಿ, ತತ್ತಿ ಹೊರಗಿರ್ಲಿ." ಪುಠಾಣಿ ಹಿಟ್ಟು, ಮೆತ್ತಗೆ ಬೆಂದ ಹೆಸರುಬೇಳೆ, ಸ್ವಲ್ಪ ಮಾಗಿದ ಪಪ್ಪಾಯಿ, ಡಾಕ್ಟರು ಕೊಟ್ಟ ಸುಣ್ಣದಂಶದ ಪುಡಿ. ಎಲ್ಲ ಕೂಡಿಸಿ ಬಟ್ಟೆಯಲ್ಲಿ ಸೋಸಿ ಗಂಜಿ ಮಾಡುತ್ತಿದ್ದೆ.

ತಿನ್ನಿಸುವುದು ನಾವಂದುಕೊಂಡಷ್ಟು ಸುಲಭವಲ್ಲ. ಚಮಚದ ಎರಡೂ ಅಂಚನ್ನು ಒಳಗೆ ಬಗ್ಗಿಸಿ ದೊನ್ನೆಯ ಹಾಗೆ ಮಾಡಿಕೊಳ್ಳಬೇಕು. ಗಂಜಿ ಸ್ವಲ್ಪ ಬಿಸಿ ಹೆಚ್ಚಾದರೆ ಮರಿಯ ಕೊರಳ ಚೀಲ ಒಳಗೇ ಸುಡುತ್ತದೆ, ಆರಿದರೆ ಅಲ್ಲೇ ನಿಂತು ಹುಳಿಯುತ್ತದೆ. ಪ್ರತಿ ಸಲ ಮೊಣಕೈಯ ಒಳಮೈಗೆ ಒಂದು ಹನಿ ಬಿಟ್ಟು ನೋಡುತ್ತಿದ್ದೆ. ಕೊರಳ ಚೀಲ ಖಾಲಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ತಿಳಿದ ಮೇಲೆಯೇ ಮುಂದಿನ ಊಟ. ಮನುಷ್ಯರ ಮುಖ ಮರಿಗಳಿಗೆ ರೂಢಿಯಾಗಬಾರದೆಂದು ತಲೆಯ ಮೇಲಿಂದ ಹಸಿರು ಸೆರಗು ಎಳೆದುಕೊಂಡು, ಬಾಯಿ ಮುಚ್ಚಿ ತಿನ್ನಿಸುತ್ತಿದ್ದೆ. ನನ್ನ ಯಜಮಾನರು ಚಹಾಕ್ಕೆಂದು ಒಳಗೆ ಬಂದವರು, "ಮದಿವ್ಯಾಗೂ ನೀ ಇಷ್ಟು ಸೆರಗು ಹೊತ್ತಿದ್ದಿಲ್ಲ ಬಿಡು," ಎಂದು ಕೆಣಕಿ ಹೋದರು. ಮಾತಾಡುವಂತಿರಲಿಲ್ಲ, ಚಮಚ ತೋರಿಸಿ ಹೆದರಿಸಿದೆ.

ಹೆಸರಿಡಬಾರದು ಎಂಬ ಮಾತನ್ನು ಅತ್ತೆ ಮೂರನೆಯ ದಿನವೇ ಮುರಿದರು. ದೊಡ್ಡಾಂವ, ಸಣ್ಣಾಕಿ. ಇವು ಹೆಸರಲ್ಲ, ಗುರ್ತು, ಎಂದು ವಾದ ಬೇರೆ.

ದೊಡ್ಡಾಂವ ತಿಂದು ತಿಂದು ಬೆಳೆದ. ಸಣ್ಣಾಕಿಗೆ ಎರಡನೆಯ ವಾರದಲ್ಲಿ ಕೊರಳ ಚೀಲ ನಿಂತಿತು. ಬೆಳಗಿನ ಗಂಜಿ ಮಧ್ಯಾಹ್ನದವರೆಗೂ ಸರಿಯಲಿಲ್ಲ. ಬಾಯಿ ತೆರೆದರೆ ಹುಳಿ ವಾಸನೆ. ಡಾಕ್ಟರು ಓಡಿ ಬಂದು, ತಲೆ ಕೆಳಗೆ ಮಾಡಿ ಹಳೆಯದನ್ನು ಹೊರಗೆ ತೆಗೆದು, ಔಷಧಿ ಹಾಕಿದರು. ಆಮೇಲೆ ಎರಡು ದಿನ ಬೆಚ್ಚಗಿನ ನೀರಿನಂಥ ತಿಳಿ ಮಾತ್ರ, ಹನಿ ಹನಿಯಾಗಿ. ಬೆರಳಿನಿಂದ ಚೀಲವನ್ನು ಮೆಲ್ಲಗೆ ನೀವುತ್ತಾ ಕೂಡುತ್ತಿದ್ದೆ. ಬಾಯಿಯಲ್ಲಿ ಮಾತಿಲ್ಲ, ಮನಸ್ಸಿನಲ್ಲಿ ಓಂ ನಮಃ ಶಿವಾಯ ಮಾತ್ರ. ಅದು ಉಳಿಯಿತು. ಆ ವರ್ಷ ದೇವರು ನನಗೆ ಕೊಟ್ಟದ್ದನ್ನು ಎಣಿಸುವಾಗ ಇದನ್ನು ನಾನು ಮೊದಲು ಎಣಿಸುತ್ತೇನೆ.

ಕ್ಯಾಂಪಿನಲ್ಲಿ ಸೈನ್ಯದವರ ತೋಪಿನ ಅಭ್ಯಾಸ ಶುರುವಾದರೆ ನಮ್ಮ ಕಿಟಕಿಗಳು ನಡುಗುತ್ತವೆ. ಒಂದೊಂದು ಸದ್ದಿಗೂ ಸಣ್ಣಾಕಿ ದೊಡ್ಡಾಂವನ ರೆಕ್ಕೆಯ ಕೆಳಗೆ ತಲೆ ತೂರಿಸುತ್ತಿತ್ತು. ಅವನು ಅಲುಗದೆ ಕೂಡುತ್ತಿದ್ದ. ಕಡೆಗೆ ಸದ್ದಿಲ್ಲದಾಗಲೂ ಹಾಗೇ ಮಲಗತೊಡಗಿದವು, ಒಂದರ ಕೊರಳ ಮೇಲೆ ಒಂದರ ಕೊರಳು.

ಪುಕ್ಕ ಹಸಿರಾದವು. ದೊಡ್ಡಾಂವನ ಹೆಗಲಲ್ಲಿ ಒಂದು ಬೆಳಿಗ್ಗೆ ಇಟ್ಟಿಗೆ ಪುಡಿ ಅಂಟಿದ ಹಾಗೆ ಕೆಂಪು ಕಂಡಿತು. ದಿನದಿನಕ್ಕೆ ಅದು ಪಟ್ಟಿಯಾಯಿತು. ನಾನು ಫೋಟೋ ಕಳಿಸಿದೆ. ಡಾಕ್ಟರು ಕುಣಿದಷ್ಟು ಸಂತೋಷಪಟ್ಟರು. ಸಣ್ಣಾಕಿಯ ಹೆಗಲು ಮಾತ್ರ ಹಸಿರೇ. ಉಪವಾಸ ಬಿದ್ದ ಮರಿಗೆ ಬಣ್ಣ ತಡವಾಗಿ ಬರಬಹುದು ಎಂದು ಡಾಕ್ಟರು ಹೇಳಿದ್ದನ್ನೇ ನಾನು ಜಪಿಸುತ್ತಿದ್ದೆ. ಕೆಂಪು ಬಂದರೆ ಎರಡೂ ಒಟ್ಟಿಗೆ ಕಾಡಿಗೆ ಹೋಗುತ್ತವೆ. ಬರದಿದ್ದರೆ ದೊಡ್ಡಾಂವ ಕಾಡಿಗೆ, ಸಣ್ಣಾಕಿ ಕೇಂದ್ರದಲ್ಲಿರುವ ಪೇಟೆ ಗಿಳಿಗಳ ಜೊತೆಗೆ. ಏನೇ ಆದರೂ ಯುಗಾದಿ ಕಳೆದ ಮೊದಲ ಸೋಮವಾರ ಎರಡೂ ನಮ್ಮ ಮನೆ ಬಿಡಬೇಕೆಂದು ನಿಶ್ಚಯವಾಗಿತ್ತು.

ಆ ಸೋಮವಾರ ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ಡಾಕ್ಟರ ಗಾಡಿ ಬಾಗಿಲಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಡಬ್ಬಿಯ ಮುಚ್ಚಳ ತೆರೆದೆ. ಸಣ್ಣಾಕಿಯ ಹೆಗಲು ಕೆಂಪಗಿತ್ತು.

"ಡಾಕ್ಟರ್ರೀ, ಬಂತ್ರೀ! ಬಂತು!"

ಅವರು ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ಬಂದರು. ಮರಿ ಗಾಬರಿಯಾಗಿ ಮೂಲೆಗೆ ಸರಿದದ್ದರಿಂದ ಕೈ ಹಾಕಲಿಲ್ಲ, ಬಗ್ಗಿ ನೋಡಿದರು. "ಉಂಟು, ಉಂಟು. ಅಂತೂ ಹೆಗಲು ಬಾಯಿ ಬಿಟ್ಟಿತು!" ನಾವಿಬ್ಬರೂ ನಕ್ಕೆವು. ಅತ್ತೆ ದೇವರ ಮುಂದೆ ಕೂತು ವಿಭೂತಿ ಧರಿಸುತ್ತಿದ್ದರು. ಅವರೂ ನಕ್ಕರು.

ನಾವು ಹೋಗಬೇಕಾದ ಊರಿನ ಹೆಸರೇ ಕನ್ನಡ. ಛತ್ರಪತಿ ಸಂಭಾಜಿನಗರದಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿಯ ತಾಲ್ಲೂಕಿನ ಊರು. "ಕನ್ನಡಕ್ಕ ಹೊಂಟಿ, ಅಲ್ಲಿ ಒಬ್ಬರಿಗೂ ಕನ್ನಡ ಬರಂಗಿಲ್ಲ, ನೆಪ್ಪಿಡು," ಎಂದು ಯಜಮಾನರು ಚೀಲ ಎತ್ತಿಕೊಟ್ಟರು. ಅಲ್ಲಿಂದಾಚೆ ಗುಡ್ಡದ ಸಾಲು, ಗುಡ್ಡದ ಮೇಲೆ ಕಾಡು. ಕಾಡಿನಂಚಿನಲ್ಲಿ ದೊಡ್ಡದೊಂದು ಆಲದ ಮರದ ಕೆಳಗೆ ಬಿದಿರು ಮತ್ತು ಬಲೆಯಿಂದ ಕಟ್ಟಿದ ಕೋಣೆ. ಮರಿಗಳು ಅಲ್ಲಿದ್ದು ಹಾರುವುದನ್ನು, ಹಣ್ಣು ಕಚ್ಚಿ ತಿನ್ನುವುದನ್ನು ಕಲಿಯಬೇಕು, ಕಾಡಿನ ಗಿಳಿಗಳ ಕೂಗಿಗೆ ಓಗೊಡಬೇಕು. ಓಗೊಟ್ಟ ಮೇಲೆ ಚಾವಣಿಯ ಬಾಗಿಲು ತೆರೆಯುವುದು. ನಾನು ಸಂಭಾಜಿನಗರದಲ್ಲಿ ತಂಗಿಯ ಮನೆಯಲ್ಲಿ ಇಳಿದುಕೊಂಡೆ. ದಿನಾ ಬೆಳಿಗ್ಗೆ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದು ಬಂದು, ಸಂಜೆ ತಿರುಗಿ ಹೋಗುತ್ತಿದ್ದೆ.

ಅಲ್ಲಿನ ಕಾವಲುಗಾರರು ವಯಸ್ಸಾದವರು. ನಾನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಾಈ, ಅಂದರೆ ಅಕ್ಕ, ಎನ್ನುತ್ತಿದ್ದರು. ಅವರದು ಬರೀ ಮರಾಠಿ; ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. "ಮೊದಲು ಈ ಮರ ತುಂಬ ಪಹಾಡಿ ಪೋಪಟಗಳೇ ಕೂಡುತ್ತಿದ್ದವು, ತಾಈ. ಈಗ ಆ ಒಂದು ಕೊಂಬೆ ತುಂಬಿದರೆ ಹೆಚ್ಚು," ಎಂದು ಕೈ ಎತ್ತಿ ತೋರಿಸಿದರು. ಕೂಗಿನಿಂದ ಗುರುತಿಸುವುದನ್ನು ನಾನು ಅಲ್ಲಿಯೇ ಕಲಿತೆ. ಪೇಟೆಯ ಗಿಳಿ ಕೀ ಕೀ ಎಂದು ಕಿರುಚಿಕೊಂಡು ಬಾಣದ ಹಾಗೆ ಹೋಗುತ್ತದೆ. ಇವುಗಳ ದನಿ ದಪ್ಪ, ಗಂಟಲು ಕಟ್ಟಿದವರು ಕರೆದ ಹಾಗೆ. ರೆಕ್ಕೆ ಬಡಿತವೂ ನಿಧಾನ.

ಮೂರನೆಯ ದಿನ ಕಾಕಾ ಪಂಪಿನಿಂದ ಕೋಣೆಯೊಳಗೆ ತುಂತುರು ಹೊಡೆದರು. ಮರಿಗಳಿಗೆ ಮಳೆ ಗೊತ್ತಾಗಬೇಕು, ನೆಂದ ಮೇಲೆ ಪುಕ್ಕ ತೀಡಿಕೊಳ್ಳುವುದು ಬರಬೇಕು. ನಾನು ಹೊರಗೆ ಅತ್ತಿಹಣ್ಣಿನ ಗೊಂಚಲು ಕಟ್ಟುತ್ತಿದ್ದೆ.

"ತಾಈ! ರಕ್ತ! ಸಣ್ಣದಕ್ಕೆ ರಕ್ತ ಬರ್ತಿದೆ!"

ಕೂತ ಕೋಲಿನ ಮೇಲೆ ಕೆಂಪು ಇಳಿಯುತ್ತಿತ್ತು. ನಾನು ಒಳಗೆ ನುಗ್ಗಿ ಸಣ್ಣಾಕಿಯನ್ನು ಹಿಡಿದು, ಸೆರಗಿನಿಂದ ಹೆಗಲು ಒತ್ತಿದೆ. ಗಾಯ ಹುಡುಕಿದೆ. ಗಾಯವಿರಲಿಲ್ಲ. ಸೆರಗು ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ವಾಸನೆ. ಒದ್ದೆ ಪುಕ್ಕದ ಕೆಳಗೆ ಹೆಗಲು ಪೂರ್ತಿ ಹಸಿರಾಗಿತ್ತು.

ಆಲದ ಮರದ ಬೇರಿನ ಮೇಲೆ ಕೂತು ಮನೆಗೆ ಫೋನು ಮಾಡಿದೆ.

"ಅತ್ತಿ, ಸಣ್ಣಾಕಿಗೆ ನೀವು ಕುಂಕುಮ ಹಚ್ಚಿದ್ರೇನ್ರಿ?"

"ಹೂಂ ಮತ್ತ. ಮನಿ ಬಿಟ್ಟು ಹೊಂಟ ಹೆಣ್ಣುಮಗಳು ಬರೇ ಹಣಿಲೇ ಹೋಗಬೇಕೇನು? ಅದಕ್ಕ ಹಣಿ ಎಲ್ಲೈತಿ ಅಂತ ಹಚ್ಚಲಿ, ಬರೇ ಕೊಕ್ಕು. ಹೆಗಲಿಗೆ ಹಚ್ಚಿದೆ."

"ದೊಡ್ಡಾಂವಗ?"

"ಅವಂಗ ಯಾಕ? ಅವಂಗ ದೇವರೇ ಹಚ್ಚಿ ಕಳಿಸ್ಯಾನ. ಇಕಿಗೆ ಆಂವ ಮರತಾನ, ನಾ ಹಚ್ಚಿದೆ."

ನಮ್ಮಲ್ಲಿ ಬಾಗಿಲು ದಾಟುವ ಸೊಸೆಗೆ, ಮಗಳಿಗೆ, ಮಾರಿದ ಎಮ್ಮೆಗೆ ಕೂಡ ಕುಂಕುಮ ಹಚ್ಚದೆ ಕಳಿಸುವುದಿಲ್ಲ. ನಾನು ಮದುವೆಯಾಗಿ ಬಂದಾಗ ನಮ್ಮ ಊರಿನವರೂ ಹಾಗೇ ಕಳಿಸಿದ್ದರು. ಅತ್ತೆಗೆ ಏನು ಹೇಳಲಿ? "ಛಲೋ ಮಾಡಿದ್ರಿ," ಎಂದು ಫೋನಿಟ್ಟೆ.

ಸಂಜೆ ಡಾಕ್ಟರು ಬಂದರು. ಸಂಭಾಜಿನಗರದ ಅರಣ್ಯ ಕಚೇರಿಯಲ್ಲಿ ಅವರಿಗೆ ಕೆಲಸವಿತ್ತು. ವಿಷಯ ಕೇಳಿ ಮೊದಲು ತಲೆ ಹಿಡಿದುಕೊಂಡರು, ಆಮೇಲೆ ನಗು ಬಂತು, ಆಮೇಲೆ ಕಣ್ಣು ಒರೆಸಿಕೊಂಡರು. "ನಾನಾದ್ರೂ ಕೈಯಲ್ಲಿ ಹಿಡಿದು ನೋಡ್ಬೇಕಿತ್ತು. ಕೆಂಪು ಬೇಕು ಬೇಕು ಅಂತ ಕಾಯ್ತಾ ಇದ್ದವರಿಗೆ ಕೆಂಪೇ ಕಂಡಿತು." ಸಣ್ಣಾಕಿಯ ಹೆಗಲಿನ ಪುಕ್ಕಗಳನ್ನು ಸಾಬೂನಿನ ನೀರಿನಿಂದ ಒಂದೊಂದಾಗಿ ತೊಳೆದರು. ಕುಂಕುಮ ಹೊಟ್ಟೆಗೆ ಹೋಗಿದ್ದರೆ ಕಷ್ಟ ಎಂದು ಔಷಧಿ ಹಾಕಿದರು. ನಂತರ ಹೇಳಿದರು, "ಇದನ್ನು ವಾಪಸು ಕೊಂಡೋಗ್ಬೇಕು. ಪೇಟೆ ಗಿಳಿಯ ಜೊತೆ ಬಿಟ್ಟರೆ ದೊಡ್ಡದು ಅದರ ಹಿಂದೆ ಹೊಲಕ್ಕೆ, ಪೇರಲ ತೋಟಕ್ಕೆ ಹೋಗ್ತದೆ. ಅಲ್ಲಿ ಬಲೆ ಇರ್ತದೆ. ದೊಡ್ಡ ಗಿಳಿಗೆ ಬೆಲೆಯೂ ದೊಡ್ಡದು."

"ಇಬ್ಬರೂ ಒಂದ್ನಾಕು ದಿನ ಇರ್ಲಿರಿ. ಹೆಂಗಾದ್ರೂ ಇನ್ನೂ ಹಾರಂಗಿಲ್ಲಲ್ಲ."

"ನಾಲ್ಕು ದಿನ ಆದ್ಮೇಲೆ ಸುಲಭ ಆಗ್ತದಾ? ಸರಿ, ನೋಡಿ. ಅವಕ್ಕೆ ಗೊತ್ತಿರುವ ಕೈ ನಿಮ್ಮದು. ನೀವು ಹೇಳಿದ ದಿನ ಮಾಡುವ."

ನಾನು ನೋಡುತ್ತಾ ಕೂತೆ. ಸಂಜೆ ಕಾಡಿನ ಗುಂಪು ಆಲದ ಹಣ್ಣಿಗೆ ಬರುತ್ತಿತ್ತು. ಅದರಲ್ಲೊಂದು ಹೆಣ್ಣು, ಉಂಗುರವಿಲ್ಲದ್ದು, ಕೆಳಗಿಳಿದು ನಮ್ಮ ಬಲೆಯ ಮೇಲೆ ಕೂತು ಆ ಕಟ್ಟಿದ ದನಿಯಲ್ಲಿ ಕರೆಯಿತು. ದೊಡ್ಡಾಂವ ತಲೆ ಎತ್ತಿದ. ರೆಕ್ಕೆ ಬಿಚ್ಚಿದ. ಅವನ ಹೆಗಲ ಕೆಂಪು ಬಿಸಿಲಿಗೆ ಹೊಳೆಯಿತು. ಅವನ ಗಂಟಲಿನಿಂದ ಅಂಥದೇ ದನಿ ಅರ್ಧ ಹೊರಟಿತು. ಅಷ್ಟರಲ್ಲಿ ಸಣ್ಣಾಕಿ ಕೀ ಎಂದಿತು. ಅವನು ರೆಕ್ಕೆ ಮಡಚಿ, ಕೋಲಿನ ಮೇಲೆ ಅಡ್ಡಡ್ಡ ನಡೆದು ಬಂದು ಅದರ ಪಕ್ಕ ಕೂತ. ಮೇಲಿನದು ಇನ್ನೂ ಎರಡು ಸಲ ಕರೆದು ಎದ್ದು ಹೋಯಿತು.

ಮರುದಿನವೂ ಹಾಗೇ. ಅದರ ಮರುದಿನ ಆ ಹೆಣ್ಣು ಬಲೆಗೆ ಇಳಿಯಲೇ ಇಲ್ಲ, ಕೊಂಬೆಯಿಂದಲೇ ಒಮ್ಮೆ ಕರೆಯಿತು.

"ಹಣ್ಣು ಮುಗೀತಾ ಬಂತು, ತಾಈ," ಎಂದರು ಕಾಕಾ. "ಮುಗಿದರೆ ಗುಂಪು ಈ ಗುಡ್ಡದ ಘಾಟು ಇಳಿದು ಆ ಕಡೆ ಹೋಗುತ್ತದೆ. ಮತ್ತೆ ಬರುವುದು ಯಾವಾಗಲೋ."

"ನಿಮಗೇನ ಅನಸ್ತೈತಿ ಕಾಕಾ?"

"ನನಗೆ ಅನಿಸಿದ್ದು ಕೇಳಬೇಡಿ. ನನಗೆ ನಾಲ್ಕು ಹೆಣ್ಣುಮಕ್ಕಳು. ಯಾರನ್ನು ಕಳಿಸುವಾಗಲೂ ನನ್ನ ಮನಸ್ಸು ಒಪ್ಪಿಲ್ಲ. ಕಳಿಸಿದ್ದು ಅವರ ತಾಯಿಯೇ."

ಆ ರಾತ್ರಿ ತಂಗಿಯ ಮನೆಯಲ್ಲಿ ಲಿಂಗಪೂಜೆಗೆ ಕೂತವಳಿಗೆ ಏನು ಬೇಡಬೇಕೆಂದೇ ತಿಳಿಯಲಿಲ್ಲ. ಎರಡನ್ನೂ ಉಳಿಸು ಎಂದು ಬೇಡುವುದು ಸುಲಭ. ಆದರೆ ಆ ಒಂದು ಕೊಂಬೆಯ ಗಿಳಿಗಳಿಗೆ ಇನ್ನೊಂದು ಗಿಳಿ ಸೇರುವುದು ನನ್ನ ಕೈಯಲ್ಲಿತ್ತು. ಪೇಟೆಯಲ್ಲಿ ಸಣ್ಣಾಕಿಯಂಥವು ಪ್ರತಿ ಮರದಲ್ಲಿವೆ. ನಾನು ಹಾಗೆ ಎಣಿಸಿದೆ. ಯಾವ ತಾಯಿ ತನ್ನ ಮರಿಯನ್ನು, ಇಂಥವು ಬಹಳ ಇವೆ, ಎಂದಾಳು?

ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಬಲೆಯ ಕೋಣೆಗೆ ಹೋಗಿ, ಸೆರಗು ಎಳೆದುಕೊಂಡು, ಸಣ್ಣಾಕಿಯನ್ನು ಹಿಡಿದೆ. ಅದು ಓಡಲಿಲ್ಲ, ತಿನ್ನಿಸಲು ಬಂದಳೆಂದು ತಿಳಿದು ಬಾಯಿ ತೆರೆಯಿತು. ದೊಡ್ಡಾಂವ ಕೋಲಿನ ತುದಿಯವರೆಗೂ ನಮ್ಮ ಹಿಂದೆ ನಡೆದು ಬಂದ. ಮುಂದೆ ಕೋಲಿರಲಿಲ್ಲ.

ಬುಟ್ಟಿಗೆ ಬಟ್ಟೆ ಕಟ್ಟಿ, ಇಲಾಖೆಯವರ ಜೀಪಿನಲ್ಲಿ ಸಂಭಾಜಿನಗರದವರೆಗೆ, ಅಲ್ಲಿಂದ ಡಾಕ್ಟರ ಗಾಡಿಯಲ್ಲಿ ನಾಸಿಕಕ್ಕೆ. ದಾರಿಯುದ್ದ ಸಣ್ಣಾಕಿ ಕೂಗಿತು. ಅರ್ಧ ದಾರಿಯಲ್ಲಿ ಯೇವಲೆ ಊರು ದಾಟಿದ ಮೇಲೆ ಕೂಗುವುದನ್ನು ಬಿಟ್ಟಿತು. ಕೂಗುತ್ತಿದ್ದುದೇ ಒಳ್ಳೆಯದಿತ್ತು ಎಂದು ಆಗ ಅನಿಸಿತು.

ಕೇಂದ್ರದ ದೊಡ್ಡ ಪಂಜರದಲ್ಲಿ ರೈಲಿನ ಬುಟ್ಟಿಯಲ್ಲಿ ಬದುಕುಳಿದಿದ್ದ ಪೇಟೆ ಗಿಳಿಗಳ ಮರಿಗಳಿದ್ದವು. ಈಗ ಅವು ಗದ್ದಲದ ಗುಂಪು. ಸಣ್ಣಾಕಿಯನ್ನು ಅವು ಹೊಡೆಯಲಿಲ್ಲ, ಪಕ್ಕಕ್ಕೆ ಕರೆಯಲೂ ಇಲ್ಲ. ಅದು ಗೋಡೆಯ ಕಡೆ ಮುಖ ಮಾಡಿ ಕೂತಿತು. ಪೇರಲ ಇಟ್ಟರೆ ಮುಟ್ಟಲಿಲ್ಲ. ಎರಡು ದಿನ ನೋಡಿ ಡಾಕ್ಟರು ಅದನ್ನು ಬೇರೆ ಪೆಟ್ಟಿಗೆಗೆ ತಂದರು. ಮತ್ತೆ ಚಮಚ, ಮತ್ತೆ ಮೊಣಕೈಗೆ ಹನಿ, ಮತ್ತೆ ಗಂಜಿ. ಒಂದು ದಿನ ತಿಂದಿತು. ಮರುದಿನ ಕೊರಳ ಚೀಲ ನಿಂತಿತು.

ಅತ್ತ ಕಾಡಿನಂಚಿನಲ್ಲಿ ಒಂಟಿಯಾದ ದೊಡ್ಡಾಂವ ಹಾರಲು ಕಲಿತು ಕಾಡಿನ ಕೂಗಿಗೆ ಓಗೊಟ್ಟಿದ್ದ, ಚಾವಣಿ ತೆರೆದಾಗಿತ್ತು. ಕಾಕಾ ದಿನಾ ಸಂಜೆ ಫೋನು ಮಾಡುತ್ತಿದ್ದರು. ಮೊದಲ ದಿನ: "ಹೋದ ತಾಈ, ಗುಂಪಿನ ಹಿಂದೆ ಹೋದ. ನೋಡಬೇಕಿತ್ತು ನೀವು." ಒಂದು ತಾಸಿನ ಮೇಲೆ ಮತ್ತೆ ಫೋನು: "ವಾಪಸು ಬಂದಿದ್ದಾನೆ. ಬಲೆಯ ಮೇಲೆ ಕೂತು ಒಳಗೆ ಬಗ್ಗಿ ಬಗ್ಗಿ ಕರೀತಾನೆ. ಖಾಲಿ ಕೋಣೆ. ಏನು ಮಾಡಲಿ?" ಡಾಕ್ಟರು ಹಣ್ಣಿಡಬೇಡಿ, ಒಳಗೆ ಬಿಡಬೇಡಿ, ನೀವೂ ಕಾಣಿಸಿಕೊಳ್ಳಬೇಡಿ ಎಂದರು. ಬಂದರೆ ಅವನು ಇನ್ನೂ ನಮ್ಮವನು, ಬರದಿದ್ದರೆ ಕಾಡಿನವನು. ಎರಡನೆಯ ದಿನವೂ ಬಂದ, ಮೂರನೆಯ ದಿನವೂ. "ಇವತ್ತೂ ಬಂದಿದ್ದ ತಾಈ," ಎನ್ನುವಾಗ ಕಾಕಾರ ದನಿ ಸಣ್ಣದಾಗಿರುತ್ತಿತ್ತು. ಗುಂಪು ಘಾಟು ಇಳಿಯುವ ಹೊತ್ತಾಗಿತ್ತು.

ಸಣ್ಣಾಕಿ ಒಂದು ಮಧ್ಯಾಹ್ನ ನನ್ನ ಅಂಗೈಯಲ್ಲಿ ಹೋಯಿತು. ಡಾಕ್ಟರು ಎದುರಿಗಿದ್ದರು. "ಕುಂಕುಮದಿಂದ ಅಲ್ಲ," ಎಂದು ನಾನು ಕೇಳುವ ಮೊದಲೇ ಹೇಳಿದರು, "ನಿಮ್ಮ ಅತ್ತೆಗೆ ಹೇಳಿ, ಕುಂಕುಮದಿಂದ ಅಲ್ಲ. ಹಳೇ ಕಾಯಿಲೆಯೇ ತಿರುಗಿ ಬಂತು." ಅದು ನಿಜವೋ ನನ್ನ ಸಮಾಧಾನಕ್ಕೋ, ಕೇಳಲಿಲ್ಲ. ಮನೆಯಲ್ಲಿ ಮಣ್ಣು ಮಾಡುವಂತಿಲ್ಲ, ಇಲಾಖೆಯವರೇ ಸುಡಬೇಕು. ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಅಂಗೈಯಲ್ಲಿ ಹೋಯಿತು, ಬುಟ್ಟಿಯಲ್ಲಿ ಸೊಪ್ಪಿನ ಕೆಳಗೆ ಹೋಗಲಿಲ್ಲ. ಇಷ್ಟಾದರೂ ಶಿವ ಕೊಟ್ಟ ಎಂದುಕೊಂಡೆ. ಅಂದುಕೊಂಡೆ, ಆದರೆ ಬಸ್ಸಿನಲ್ಲಿ ಅಳು ನಿಲ್ಲಲಿಲ್ಲ.

ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ. ಫೋನು ಬಂತು.

"ಬರಲಿಲ್ಲ ತಾಈ!" ಕಾಕಾ ಕೂಗುತ್ತಿದ್ದರು. "ಇವತ್ತು ಬರಲಿಲ್ಲ! ಕತ್ತಲಾಗುವವರೆಗೂ ಕಾದೆ. ಗುಂಪಿನ ಜೊತೆ ಘಾಟು ಇಳಿದ. ದೂರದಿಂದ ಅವನ ದನಿ ಕೇಳಿದೆ, ಪಕ್ಕಾ ಪಹಾಡಿ. ಖುಷಿ ಆಯ್ತಾ?"

"ಆತು ಕಾಕಾ."

"ಸಣ್ಣಾಕಿ ಹೆಂಗದಾಳ?" ಅತ್ತೆಯಿಂದ ಕಲಿತ ಆ ಹೆಸರನ್ನು ನಾನು ಅವರಿಗೂ ಕಲಿಸಿದ್ದೆ. ಆ ಒಂದು ಸಾಲನ್ನು ಅವರು ಕಷ್ಟಪಟ್ಟು ನಮ್ಮ ಮಾತಿನಲ್ಲೇ ಕೇಳಿದರು.

ಒಳಗಿನಿಂದ ಅತ್ತೆಯೂ ಅದನ್ನೇ ಕೇಳುತ್ತಾ ಬಾಗಿಲಿಗೆ ಬಂದರು. ಇಬ್ಬರಿಗೂ ಒಂದೇ ಉತ್ತರ ಕೊಡಬೇಕಿತ್ತು. ಕೊಳಾಯಿ ನಿಲ್ಲಿಸಿ, ನಿಜವನ್ನೇ ಕೊಟ್ಟೆ.